ಅಮ್ಮ ಬಂದ ಮನೆಯ ಮಗು

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ "ಅಮ್ಮ ಬಂದವ್ಳೆ" ಅಂತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ತಾರೆ, ಒಗ್ಗರಣೆ ನಿಲ್ಲಿಸ್ತಾರೆ, ಮಧುಗಿರಿಯ ದಂಡಿನ ಮಾರಮ್ಮನಿಗೆ ಹರಕೆ ಹೊರುವವರೂ ಇದ್ದಾರೆ. ಹಿಂದೊಮ್ಮೆ ಒಂದು ಮನೆಯಲ್ಲಿ ಇದನ್ನು ಕಂಡು ಅಜ್ಜಿಯೊಬ್ಬರಿಗೆ ನಾನು ಚೆನ್ನಾಗಿ ಬೈದೆ. ಆಮೇಲೆ ಅದೇ ಮನೆಯ ಎರಡನೇ ಮಗುವಿಗೆ ದಡಾರ ಬಂದಾಗ ಅವರು ಯಾರಿಗೂ ಹೇಳಲೇ ಇಲ್ಲ. ನಾವು ನೋಡುವ ಹೊತ್ತಿಗೆ ದಡಾರ ನ್ಯುಮೋನಿಯಾಕ್ಕೆ ತಿರುಗಿತ್ತು. ದೇವರ ದಯೆ, ಮಗು ಉಳಿಯಿತು. "ಬೈತೀರಾ ಅಂತ ಹೇಳಲಿಲ್ಲ ಸಿಸ್ಟರ್" ಅಂದರು ಅಜ್ಜಿ. ತಪ್ಪು ನನ್ನದು. ಅದಕ್ಕೇ ಇವತ್ತು ಬೈಯೋದಿಲ್ಲ. ಬೇವು ಬಾಗಿಲಲ್ಲಿರಲಿ, ಆದರೆ ಆಶಾ ಕಾರ್ಯಕರ್ತೆಗೆ ಅವತ್ತೇ ತಿಳಿಸಿ.

ಗುರುತು ಹಿಡಿಯುವುದು ಹೇಗೆ? ದಡಾರದಲ್ಲಿ ಮೊದಲು ಜೋರು ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು. ಮೂರ್ನಾಲ್ಕು ದಿನದ ಮೇಲೆ ಕಿವಿಯ ಹಿಂದೆ, ಮುಖದಲ್ಲಿ ಕೆಂಪು ದದ್ದು ಎದ್ದು ಕೆಳಗಿಳಿಯುತ್ತದೆ. ಸೀತಾಳೆ ಸಿಡುಬಿನಲ್ಲಿ ನೀರು ತುಂಬಿದ ಗುಳ್ಳೆ, ವಿಪರೀತ ನವೆ. ಅಂಗೈ, ಅಂಗಾಲು, ಬಾಯಿಯಲ್ಲಿ ಮಾತ್ರ ಗುಳ್ಳೆ ಇದ್ದರೆ ಅದು ಕೈ-ಕಾಲು-ಬಾಯಿ ರೋಗ. ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ವಾಸಿಯಾಗುತ್ತದೆ.

ಮನೆಯಲ್ಲಿ ಏನು ಮಾಡಬೇಕು?

• ಊಟ ನಿಲ್ಲಿಸಬೇಡಿ. ರಾಗಿ ಗಂಜಿ, ಬೇಳೆ, ಮೊಟ್ಟೆ ಕೊಡಿ. ಎದೆಹಾಲು ಬಿಡಿಸಬೇಡಿ. ನೀರು, ಮಜ್ಜಿಗೆ ಆಗಾಗ ಕುಡಿಸಿ.
• ಉಗುರು ಕತ್ತರಿಸಿ. ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆಯಬಹುದು.
• ಜ್ವರಕ್ಕೆ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡವೇ ಬೇಡ.
• ದಡಾರವಾದರೆ ವಿಟಮಿನ್ ಎ ಹಾಕಿಸಲೇಬೇಕು. ಅದು ಕಣ್ಣನ್ನೂ ಜೀವವನ್ನೂ ಕಾಯುತ್ತದೆ.
• ದಡಾರದ ದದ್ದು ಎದ್ದ ಮೇಲೆ ನಾಲ್ಕು ದಿನ, ಸಿಡುಬಾದರೆ ಗುಳ್ಳೆಗಳೆಲ್ಲ ಒಣಗುವವರೆಗೆ, ಮಗುವನ್ನು ಅಂಗನವಾಡಿಗೆ ಕಳಿಸಬೇಡಿ. ಬಸುರಿಯರು ಹತ್ತಿರ ಹೋಗಬಾರದು.

ಮಗು ಏದುಸಿರು ಬಿಡುತ್ತಿದ್ದರೆ, ಏನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ, ಮಂಕಾಗಿ ಬಿದ್ದಿದ್ದರೆ, ಕಣ್ಣು ಮಬ್ಬಾದರೆ, ಒತ್ತಿದರೂ ಮಾಸದ ನೇರಳೆ ಕಲೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕೈಯಲ್ಲಿ ಕಾಸಿಲ್ಲ ಅಂತ ಯಾವ ತಾಯಿಯೂ ಕೂರಬಾರದು. ಸಂಘದ ಉಳಿತಾಯ ಇರುವುದು ಇಂಥ ರಾತ್ರಿಗೇ.

ಸಿಡುಬಿನಲ್ಲಿ ದೊಡ್ಡಮ್ಮನನ್ನು ಲಸಿಕೆ ಓಡಿಸಿತು. 1980ರಲ್ಲಿ ಲೋಕವೇ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ದಡಾರ, ರುಬೆಲ್ಲಾಕ್ಕೂ ಎಂ.ಆರ್. ಲಸಿಕೆ ಇದೆ. 2017ರಲ್ಲಿ ನಮ್ಮ ರಾಜ್ಯದ ಶಾಲೆ ಶಾಲೆಗಳಲ್ಲಿ ಇದನ್ನೇ ಹಾಕಿದ್ದು. ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪಾವಗಡ, ಶಿರಾ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೋಗುವವರು ತಾಯಿ ಕಾರ್ಡನ್ನು ಗಂಟಿನಲ್ಲೇ ಕಟ್ಟಿಕೊಳ್ಳಿ. ಹೋದ ಊರಲ್ಲೂ ಲಸಿಕೆ ಹಾಕುತ್ತಾರೆ.

ಮುಂದಿನ ವಾರದ ಸಭೆಗೆ ಪಾಸ್‌ಬುಕ್ಕಿನ ಜೊತೆ ಆ ಕಾರ್ಡನ್ನೂ ತನ್ನಿ. ಕಂತು ಬರೆಯುವ ಮೊದಲು ಯಾವ ಮಗುವಿಗೆ ಯಾವ ಸೂಜಿ ತಪ್ಪಿದೆ ಎಂದು ಎಲ್ಲರೂ ಸೇರಿ ನೋಡೋಣ.