ಸಾವಳಗಿಯ ಗುಡಿಸು ಎಲ್ಲಿ ಹೋತು?

‘ಪೈಥಾನ್ ನಿಧಾನ, ಗೋ ಜೋರು’ ಅಂತ ಕೋಡಿಂಗ್ ಹುಡುಗರು ವಾದ ಮಾಡೋದು ಕೇಳಿರ್ತೀರಿ. ನಾನೂ ಮಾಡಿದ್ದೆ. ಅದಕ್ಕೆ ದಂಡ ಕಟ್ಟಿದ ಕಥೆ ಇವತ್ತು ಹೇಳ್ತೀನಿ.

ನಮ್ಮೂರು ಜಮಖಂಡಿ ಹತ್ತಿರದ ಸಾವಳಗಿ. ಜಾತ್ರೆಯ ದೇಣಿಗೆಗೆ ಪಾವತಿ ಮುದ್ರಿಸೋ ಪ್ರೋಗ್ರಾಮ್ ಬೇಕಾಗಿತ್ತು. ಗೆಳೆಯ ಪೈಥಾನ್‌ನಲ್ಲಿ ಬರೆದ, ನಾನು ಗೋದಲ್ಲಿ. ಎರಡನ್ನೂ ಓಡಿಸಿದ್ವಿ, ನಂದೇ ಮುಂದೆ. ಆಶ್ಚರ್ಯ ಏನಿಲ್ಲ. ಗೋ ಕೋಡ್ ಮೊದಲೇ ಯಂತ್ರದ ಭಾಷೆಗೆ ಕಂಪೈಲ್ ಆಗಿರುತ್ತದೆ. ಪೈಥಾನ್‌ನಲ್ಲಿ ಇಂಟರ್‌ಪ್ರಿಟರ್ ಒಂದೊಂದೇ ಸೂಚನೆ ಓದಿ ನಡೆಸಬೇಕು. ‘ನಿಂದು ಎತ್ತಿನ ಗಾಡಿಲೇ’ ಅಂತ ಅವನನ್ನು ಕಾಡಿಸಿ, ನನ್ನದನ್ನೇ ಇಟ್ಟೆ.

ಪಾವತಿ ಅಚ್ಚಾಗಿ ಬಂದಾಗ ಕಾಕಾ ಕನ್ನಡಕ ಏರಿಸಿ ಕೇಳಿದರು: ‘ತಮ್ಮಾ, ಸಾವಳಗಿಯ ಗುಡಿಸು ಎಲ್ಲಿ ಹೋತೋ? ರೊಕ್ಕ ಕೊಟ್ಟವರು ಇದನ್ನ ಖರೇ ಪಾವತಿ ಅಂತ ನಂಬ್ತಾರೇನು?’ ನೋಡಿದರೆ ‘ಸಾವಳಗ’, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ!

ಊರ ಹೆಸರಿಗೆ ನಾನು 16ರ ಮಿತಿ ಹಾಕಿದ್ದೆ. ಗೋದ ‘ಲೆನ್’ ಎಣಿಸೋದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಸ, ಅದರ ದೀರ್ಘ, ವ, ಳ, ಗ, ಅದರ ಗುಡಿಸು: 6 ಸಂಕೇತ, 18 ಬೈಟ್. 16ಕ್ಕೆ ಕತ್ತರಿಸಿದಾಗ ಗುಡಿಸು ತುಂಡಾಯಿತು. ಪೈಥಾನ್ ಎಣಿಸೋದು ಸಂಕೇತ, 6 ಅನ್ನುತ್ತದೆ. ಗೆಳೆಯನ ಪಾವತಿಯಲ್ಲಿ ಹೆಸರು ಪೂರ್ತಿ ಇತ್ತು. ಸ್ವಿಫ್ಟ್ ಭಾಷೆ 4 ಅನ್ನುತ್ತದೆ, ಶಾಲೆಯಲ್ಲಿ ನಾವು ಎಣಿಸಿದ ಹಾಗೆ: ಸಾ, ವ, ಳ, ಗಿ. ಅದಕ್ಕಾಗಿ ಪದವನ್ನು ಮೊದಲಿಂದ ಕೊನೆವರೆಗೂ ನೋಡಬೇಕು. ಗೋ ಮಾತ್ರ ಬೈಟ್ ಲೆಕ್ಕ ಬರೆದಿಟ್ಟುಕೊಂಡೇ ಇರುತ್ತದೆ. ಇವೆರಡರ ಟೈಮ್ ಹೋಲಿಸಿ ‘ಸ್ವಿಫ್ಟ್ ನಿಧಾನ’ ಅನ್ನೋದು ಹೆಂಗೆ? ಮಾಡಿದ ಕೆಲಸವೇ ಬೇರೆ.

ತಪ್ಪು ಗೋದಲ್ಲ, ನಂದು. ಬೈಟ್ ಬಿಟ್ಟು ‘ರೂನ್’ ಲೆಕ್ಕದಲ್ಲಿ ಕತ್ತರಿಸೋ ಹಾಗೆ ತಿದ್ದಿದೆ, ಕೈಯಿಂದ ರೊಕ್ಕ ಹಾಕಿ ಪಾವತಿ ಮತ್ತೆ ಅಚ್ಚು ಮಾಡಿಸಿದೆ. ಈಗಲೂ ಗೋನೇ ಮುಂದೆ. ಆದರೆ ಪ್ರಿಂಟರ್ ಮೊದಲ ಹಾಳೆ ಹೊರಹಾಕೋದರೊಳಗೆ ಎರಡೂ ಪ್ರೋಗ್ರಾಮ್ ಕೆಲಸ ಮುಗಿಸಿ ಕೂತಿದ್ದವು!

ಅದಕ್ಕೇ ಹೇಳ್ತೀನಿ, ವೇಗ ಹೋಲಿಸೋಕೆ ಮುಂಚೆ ಉತ್ತರ ಹೋಲಿಸಿ. ಒಂದೇ ಮಷಿನ್, ಒಂದೇ ಡೇಟಾ ಇಟ್ಟು ನಾಲ್ಕಾರು ಸಲ ಓಡಿಸಿ. ಡೇಟಾದಲ್ಲಿ ನಿಮ್ಮೂರ ಹೆಸರು ಕನ್ನಡದಲ್ಲೇ ಇರಲಿ.

ಗೆಳೆಯ ಈಗಲೂ ಕಾಡ್ತಾನೆ: ‘ನನ್ನ ಎತ್ತಿನ ಗಾಡಿ ಊರು ಮುಟ್ಟಿತ್ತಲ್ಲೋ!’ ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ.