ಹಬ್ಬದ ಮನೆಯ ಯಂತ್ರಗಳು: ಕೆಲವು ಎಚ್ಚರಿಕೆಯ ಮಾತುಗಳು

(ಆಗಮನ ಕಾಲದ ಮೊದಲ ಭಾನುವಾರ, ಬೆಳಗಿನ ಬಲಿಪೂಜೆಯ ತರುವಾಯ ಧರ್ಮಕೇಂದ್ರದ ಸಭಾಭವನದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ಇದೇ ವೇದಿಕೆಯ ಮೇಲಿಂದ ನಮ್ಮ ಧರ್ಮಕೇಂದ್ರದ ಚರಿತ್ರೆಯನ್ನು ಕುರಿತು, ಹಿಂದಿನ ಗುರುಗಳ ಸೇವೆಯನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ನಮಗೆ ವಹಿಸಿಕೊಟ್ಟಿರುವ ವಿಷಯ ಅಷ್ಟು ಘನವಾದುದಲ್ಲ. ಕ್ರಿಸ್ತಜಯಂತಿಯ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಹಗಲಿರುಳೂ ದುಡಿಯುವ ಗೀಸರು, ದೀಪದ ಸರ, ಮೊಬೈಲು ಮೊದಲಾದವನ್ನು ಅಪಾಯವಿಲ್ಲದೆ ಬಳಸುವುದು ಹೇಗೆಂಬುದಷ್ಟೇ ಆ ವಿಷಯ. ಇದನ್ನು ಹೇಳಲು ನಮಗಿರುವ ಅರ್ಹತೆಯೂ ಸಣ್ಣದೇ. ಕಳೆದ ಎರಡು ವರ್ಷ ಗೋದಲಿ ಸ್ಪರ್ಧೆಯ ತೀರ್ಪುಗಾರರಾಗಿ ನಾವು ನಾಲ್ವರು ಕೆಂಗೇರಿಯ ಹಳೆಯ ಬೀದಿಗಳನ್ನೂ ಉಪನಗರದ ಮನೆಗಳನ್ನೂ ಸುತ್ತಿದೆವು. ಗೋದಲಿಯನ್ನು ನೋಡಲು ಹೋದವರ ಕಣ್ಣಿಗೆ ಅದರ ಹಿಂದಿನ ವೈರುಗಳೂ ಬಿದ್ದವು. ಕೈತೊಳೆಯಲು ಹೋದಾಗ ಬಚ್ಚಲುಮನೆಯ ಗೋಡೆಗಳೂ ಬಿದ್ದವು. ಅಂಕ ಕೊಡುವ ಪಟ್ಟಿಯಲ್ಲಿ ಅವಕ್ಕೆ ಸ್ಥಳವಿರಲಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇವೆ.

ನಮ್ಮ ನಾಡಿಗೆ ವಿದ್ಯುತ್ತು ಬಂದುದು ಬಹಳ ಹಿಂದೆಯೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಅದು ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ಬೆಳಗಿತು. ಆದರೂ ಹಳ್ಳಿಯಂತಿದ್ದ ಊರುಗಳಲ್ಲಿ ನಮ್ಮ ಹಿರಿಯರು ಎಷ್ಟೋ ವರ್ಷ ಲಾಟೀನು ಹಿಡಿದೇ ನಡುರಾತ್ರಿಯ ಪೂಜೆಗೆ ಬಂದವರು. ಅವರ ಸಾಧನಗಳಲ್ಲಿ ಒಂದು ಗುಣವಿತ್ತು. ತಮ್ಮ ಅಪಾಯವನ್ನು ಅವು ತಾವೇ ಹೇಳುತ್ತಿದ್ದವು. ಲಾಟೀನು ಉರುಳಿದರೆ ಎಣ್ಣೆಯ ನಾತ ಬರುತ್ತಿತ್ತು, ಒಲೆ ಕೆಟ್ಟರೆ ಕಣ್ಣು ಉರಿಯುತ್ತಿತ್ತು. ಇಂದು ನಮ್ಮ ಮನೆ ಸೇರಿರುವ ಯಂತ್ರಗಳಾದರೋ ಮೌನವ್ರತ ಹಿಡಿದವು. ಅವು ಹೇಳುವುದಿಲ್ಲ, ನಾವೇ ನೋಡಿ ತಿಳಿಯಬೇಕು.

ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚಾಗಿ, ಬಚ್ಚಲುಮನೆಯ ಗ್ಯಾಸ್ ಗೀಸರಿನ ಮಾತು.

ಹಿಂದೆ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆಯ ಒಲೆ. ಮೇಲೆ ಹೆಂಚಿನ ಮಾಡು. ಹೆಂಚು ಹೆಂಚಿನ ನಡುವಣ ಸಂದು, ಗೋಡೆಯ ಗವಾಕ್ಷಿ, ಎಂದೂ ಸರಿಯಾಗಿ ಮುಚ್ಚದ ಮರದ ಬಾಗಿಲು, ಇವೆಲ್ಲ ಸೇರಿ ಹೊಗೆಯನ್ನು ಹೊರಗೆ ಕಳುಹಿಸುತ್ತಿದ್ದವು. ಈಗ ಮಾಡು ಕಾಂಕ್ರೀಟಿನದು, ಬಾಗಿಲು ಬಿಗಿಯಾದುದು, ಬಚ್ಚಲು ನಾಲ್ಕಡಿ ಆರಡಿಯ ಪೆಟ್ಟಿಗೆ. ಉಳಿದಿರುವುದು ಒಂದು ವೆಂಟಿಲೇಟರು ಮಾತ್ರ. ಅದನ್ನೂ ನಮ್ಮ ಊರಿನಲ್ಲಿ ಮುಚ್ಚುತ್ತಾರೆ. ಏಕೆಂದು ತಮಗೆ ಗೊತ್ತು. ವೃಷಭಾವತಿ ಪಕ್ಕದಲ್ಲಿದೆ; ಹೆಸರಿಗೆ ನದಿ, ಹೊತ್ತು ತರುವುದು ನಗರದ ಕೊಳಚೆ. ಸಂಜೆಯಾದರೆ ಸೊಳ್ಳೆ, ಬೆಳಗಾದರೆ ನಾತ, ಡಿಸೆಂಬರಿನಲ್ಲಿ ಇದರ ಮೇಲೆ ಚಳಿ. ಆದ್ದರಿಂದ ಗೃಹಿಣಿಯರು ವೆಂಟಿಲೇಟರಿನ ಗಾಜಿನ ಸಂದುಗಳಿಗೆ ರಟ್ಟು ಸಿಕ್ಕಿಸಿ, ಹಳೆಯ ಪತ್ರಿಕೆ ಅಂಟಿಸಿ ಬಿಡುತ್ತಾರೆ. ನಾವು ಹೋದ ಮನೆಗಳಲ್ಲಿ ಇಂಥವನ್ನು ಒಂದಲ್ಲ, ಹಲವು ಕಂಡೆವು. ಮನೆಯವರನ್ನು ದೂರುವುದಕ್ಕಿಲ್ಲ; ಆ ಸೊಳ್ಳೆಯನ್ನು ನಾವೂ ಬಲ್ಲೆವು. ಆದರೆ ಆ ರಟ್ಟಿನ ಕೆಳಗೇ ಗ್ಯಾಸ್ ಗೀಸರು ಉರಿಯುತ್ತಿದ್ದರೆ ಆಗುವುದೇನೆಂಬುದನ್ನು ಸ್ವಲ್ಪ ವಿವರಿಸಬೇಕು.

ಅಡುಗೆ ಅನಿಲ ಚೆನ್ನಾಗಿ ಉರಿಯಬೇಕಾದರೆ ಧಾರಾಳವಾದ ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಜ್ವಾಲೆಯೂ, ಸ್ನಾನ ಮಾಡುವವರೂ ಒಂದೇ ಗಾಳಿಗೆ ಪಾಲುದಾರರು. ಗಾಳಿ ಕಡಿಮೆಯಾದಂತೆ ಅನಿಲ ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣನ್ನು ಉರಿಸುವುದೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಲ್ಲಿ ಈ ವಿಷವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಬಳಿಕ ಕಾಲುಗಳಲ್ಲಿ ಬಲವಿರುವುದಿಲ್ಲ. ಬಾಗಿಲ ಅಗುಳಿ ಎರಡಡಿ ದೂರದಲ್ಲಿದ್ದರೂ ಕೈ ಅಲ್ಲಿಗೆ ಹೋಗುವುದಿಲ್ಲ. ಹೊರಗಿನವರಿಗೆ ಕೇಳುವುದು ನೀರು ಬೀಳುವ ಸದ್ದು ಮಾತ್ರ.

"ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ" ಎಂದು ಒಂದೆರಡು ಮನೆಗಳಲ್ಲಿ ನಮ್ಮನ್ನು ಕೇಳಿದರು. ಸಿಲಿಂಡರಿನ ಅನಿಲ ಸೋರಿದರೆ ಬರುತ್ತದೆ, ನಿಜ. ಅದಕ್ಕೆಂದೇ ಮರ್ಕ್ಯಾಪ್ಟನ್ ಎಂಬ ದುರ್ನಾತದ ವಸ್ತುವನ್ನು ಅದರಲ್ಲಿ ಬೆರೆಸಿರುತ್ತಾರೆ. ಆದರೆ ಇಲ್ಲಿ ಅನಿಲ ಸೋರುತ್ತಿಲ್ಲ, ಉರಿಯುತ್ತಿದೆ. ಗೀಸರು ಕೆಟ್ಟಿರಬೇಕೆಂಬುದೂ ಇಲ್ಲ. ಹೊಸ ಗೀಸರೂ ಮುಚ್ಚಿದ ಕೋಣೆಯಲ್ಲಿ ಇದೇ ಕೆಲಸ ಮಾಡೀತು. 2023ರ ಜೂನ್ ತಿಂಗಳಲ್ಲಿ ನಮ್ಮ ನಗರದ ಚಿಕ್ಕಬಾಣಾವರದಲ್ಲಿ ತರುಣ ವಯಸ್ಸಿನ ಇಬ್ಬರು ಹೀಗೆಯೇ ಬಚ್ಚಲುಮನೆಯಲ್ಲಿ ಪ್ರಾಣ ಬಿಟ್ಟ ಸುದ್ದಿಯನ್ನು ತಾವು ಓದಿರಬಹುದು.

ಹಬ್ಬದ ರಾತ್ರಿ ಈ ಅಪಾಯ ಹೆಚ್ಚುವುದಕ್ಕೆ ಕಾರಣವಿದೆ. ಬೇರೆ ದಿನ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮೀಯುವವರು ಡಿಸೆಂಬರ್ 24ರ ಸಂಜೆ, ಪೂಜೆಗೆ ಹೊತ್ತಾಗುವ ಮುನ್ನ, ಮನೆಮಂದಿಯೆಲ್ಲ ಸಾಲಾಗಿ ಮೀಯುತ್ತಾರೆ. ಊರಿನಿಂದ ನೆಂಟರೂ ಬಂದಿರುತ್ತಾರೆ. ಗೀಸರು ಒಂದು ಗಂಟೆ ಆರದೆ ಉರಿಯುತ್ತದೆ. ಮೊದಲು ಮಿಂದವರು ಉಟ್ಟು ತೊಟ್ಟು ನಗುತ್ತ ಹೊರಬರುವರು. ಅವರು ಬಿಟ್ಟುಬಂದ ಗಾಳಿ ಕೊನೆಯವರ ಪಾಲಿಗೆ. ನಮ್ಮ ಮನೆಗಳಲ್ಲಿ ಕೊನೆಗೆ ಮೀಯುವವರು ಯಾರು? ಕಜ್ಜಾಯ ಕರ್ಜಿಕಾಯಿ ಕರಿದು, ಮಕ್ಕಳಿಗೆ ತಲೆ ಬಾಚಿ, ಎಲ್ಲರನ್ನೂ ಸಿದ್ಧಪಡಿಸಿದ ತಾಯಿ.

ಪರಿಹಾರ ಕಷ್ಟವಲ್ಲ. ಗೀಸರು, ಸಿಲಿಂಡರು ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಒಳಗೆ ಬರುವುದು ಬಿಸಿನೀರಿನ ಕೊಳವೆಯೊಂದೇ. ಇದು ಮನೆಯೊಡೆಯರ ಕೆಲಸ. ಬಾಡಿಗೆಗೆಂದು ಮೂರು ನಾಲ್ಕು ಅಂತಸ್ತು ಕಟ್ಟಿಸಿದ ನಮ್ಮ ಧರ್ಮಕೇಂದ್ರದ ಬಂಧುಗಳೂ ಇಲ್ಲಿ ಕುಳಿತಿದ್ದೀರಿ. ಕೊಳವೆಯೊಂದರ ಖರ್ಚನ್ನು ಉಳಿಸಲು ಗೀಸರನ್ನು ಒಳಗೇ ತೂಗುಹಾಕಿಸಿದ್ದರೆ, ಅದನ್ನು ಹಬ್ಬಕ್ಕೆ ಮುನ್ನ ತೆಗೆಸಬೇಕೆಂದು ಮುಚ್ಚುಮರೆಯಿಲ್ಲದೆ ಕೇಳಿಕೊಳ್ಳುತ್ತೇವೆ. ಅಲ್ಲಿಯವರೆಗೆ ಬಾಡಿಗೆದಾರರು ಮಾಡಬೇಕಾದುದು ಇಷ್ಟು: ಬಾಗಿಲು ತೆರೆದಿಟ್ಟುಕೊಂಡೇ ಬಕೆಟ್ಟು ತುಂಬಿಸಿ, ಗೀಸರನ್ನು ಆರಿಸಿ, ಕೆಲ ನಿಮಿಷ ಗಾಳಿಯಾಡಿಸಿ, ಆಮೇಲೆ ಒಳಗೆ ಹೋಗಬೇಕು. ವೆಂಟಿಲೇಟರಿನ ರಟ್ಟನ್ನು ಕಿತ್ತು ಸೊಳ್ಳೆಯ ಜಾಲರಿ ಹೊಡೆಸಿದರೆ ಸೊಳ್ಳೆ ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ. ಜ್ವಾಲೆ ನೀಲಿಯಾಗಿರದೆ ಹಳದಿಗೆ ತಿರುಗಿದ್ದರೆ, ಗೀಸರಿನ ಮೇಲೆ ಮಸಿ ಕಂಡರೆ, ಅದನ್ನು ಹೊತ್ತಿಸಲೇಬಾರದು. ಒಳಗೆ ಹೋದವರು ಕರೆದರೆ ಓಗೊಡದಿದ್ದಲ್ಲಿ ಸಂಕೋಚ ಬೇಡ, ಬಾಗಿಲನ್ನು ಒಡೆಯಿರಿ. ಅನಿಲವನ್ನು ನಿಲ್ಲಿಸಿ, ಅವರನ್ನು ಬಯಲಿಗೆ ತಂದು, 108ಕ್ಕೆ ಕರೆಮಾಡಿ, ಗ್ಯಾಸ್ ಗೀಸರು ಉರಿಯುತ್ತಿತ್ತೆಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವನ್ನು ಇಟ್ಟುಕೊಂಡು ಮಲಗುವುದೂ ಇದೇ ವಿಷವನ್ನು ಮಗ್ಗುಲಲ್ಲಿ ಮಲಗಿಸಿಕೊಂಡಂತೆ. ಕಟ್ಟಡದ ಕೆಲಸಕ್ಕೆ ದೂರದಿಂದ ಬಂದು ನಮ್ಮ ಸುತ್ತಮುತ್ತ ಶೆಡ್ಡುಗಳಲ್ಲಿರುವವರಿಗೆ ಇದನ್ನು ಹೇಳುವವರು ನಾವಲ್ಲದೆ ಬೇರೆ ಯಾರು?

ಇನ್ನು ದೀಪಾಲಂಕಾರ. ಸಂತ ಅಸ್ಸಿಸಿಯ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚಿಯೋ ಎಂಬಲ್ಲಿ ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿ ಇದ್ದದ್ದು ಹುಲ್ಲು, ಎತ್ತು, ಕತ್ತೆ. ಕ್ರಿಸ್ಮಸ್ ಮರಕ್ಕೆ ವಿದ್ಯುದ್ದೀಪ ತೊಡಿಸಿದುದು 1882ರಲ್ಲಿ, ನ್ಯೂಯಾರ್ಕಿನಲ್ಲಿ. ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ಎಂಬವರು ಎಂಬತ್ತು ಬಣ್ಣದ ಬಲ್ಬುಗಳನ್ನು ತಮ್ಮ ಮನೆಯ ಮರಕ್ಕೆ ಸುತ್ತಿಸಿದರು. ನಾವು ಈ ಎರಡನ್ನೂ ಒಂದೇ ಮೂಲೆಯಲ್ಲಿ ಕೂಡಿಸಿದ್ದೇವೆ: ಒಣಹುಲ್ಲು, ಹತ್ತಿಯ ಹಿಮ, ಬಣ್ಣದ ಕಾಗದ, ನಡುವೆ ವಿದ್ಯುತ್ತು. ಇದರ ಮೇಲೆ ನಮ್ಮ ಕಡೆಯ ಚೆಲುವಾದ ಪದ್ಧತಿಯೊಂದಿದೆ. ಆಗಮನ ಕಾಲದಲ್ಲಿ ತಟ್ಟೆಗಳಲ್ಲಿ ರಾಗಿ ಬಿತ್ತಿ, ಹಸುರು ಪೈರು ತೆಗೆದು ಗೋದಲಿಯಲ್ಲಿ ಇಡುತ್ತೇವೆ. ಅದು ಬಾಡಬಾರದೆಂದು ಮಕ್ಕಳು ದಿನವೂ ನೀರು ಚಿಮುಕಿಸುತ್ತಾರೆ. ಆ ತಟ್ಟೆಯ ಕೆಳಗೇ ಸೀರಿಯಲ್ ದೀಪದ ವೈರು, ಹರಿದ ಕಡೆ ಬಿಳಿಯ ಪ್ಲಾಸ್ಟರು ಸುತ್ತಿದ ವೈರು, ಹಾದುಹೋಗಿದ್ದುದನ್ನು ಬಹುಮಾನ ಬಂದ ಗೋದಲಿಯೊಂದರಲ್ಲೇ ನಾವು ಕಂಡೆವು. ಆ ಪೈರು ನಮ್ಮದೇ ಸೊಗಸು, ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ವೈರು ಮೇಲಿರಲಿ, ನೀರು ಕೆಳಗಿರಲಿ. ನೀರು ಹಾಕುವಾಗ ಪ್ಲಗ್ಗು ಗೋಡೆಯಿಂದ ಹೊರಗಿರಲಿ.

ಬಲ್ಬು ಇಷ್ಟು ಸಣ್ಣದಲ್ಲವೇ, ಅದರಿಂದೇನು ಎಂದು ಎಣಿಸುವವರಿದ್ದಾರೆ. ಸರದಲ್ಲಿ ಬಲ್ಬು ಸಣ್ಣದು, ಆದರೆ ಸರವನ್ನು ಸಿಕ್ಕಿಸಿರುವುದು 230 ವೋಲ್ಟಿನ ಪ್ಲಗ್ಗಿಗೆ. ಹಳೆಯ ಮಾದರಿಯ ಸರದಲ್ಲಿ ಒಂದು ಬಲ್ಬನ್ನು ಕಿತ್ತರೆ ಆ ಬರಿದಾದ ಗೂಡಿನಲ್ಲಿ ಇಡೀ 230 ವೋಲ್ಟೂ ಕಾದು ನಿಂತಿರುತ್ತದೆ. ಮಗುವಿನ ಬೆರಳು ಹಿಡಿಸುವಷ್ಟೇ ಆ ಗೂಡು. ಇನ್ನೊಂದು ಲೆಕ್ಕ ಕೇಳಿ. ಏಳು ವಾಟಿನ ಎಲ್‌ಇಡಿ ಬಲ್ಬು ಎಳೆಯುವ ವಿದ್ಯುತ್ತು ಸುಮಾರು ಮೂವತ್ತು ಮಿಲಿಯಾಂಪು. ಅಷ್ಟು ಮಾತ್ರ ಎದೆಯ ಮೂಲಕ ಹರಿದರೂ ಉಸಿರಿಗೆ, ಹೃದಯಕ್ಕೆ ಕೇಡು ತಪ್ಪಿದ್ದಲ್ಲ. ಮನೆಯ ಫಲಕದಲ್ಲಿರುವ ಎಂಸಿಬಿ ಇದನ್ನು ತಡೆಯಲಾರದು. ಅದು ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು ಮೂವತ್ತು ಮಿಲಿಯಾಂಪಿನ ಆರ್‌ಸಿಸಿಬಿ ಎಂಬ ಬೇರೊಂದು ಸ್ವಿಚ್ಚಿದೆ. ಅದು ಇದೆಯೇ ಎಂದು ಮನೆಗೆ ಹೋದೊಡನೆ ನೋಡಿ. ಇದ್ದರೆ ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿ. ಸ್ವಿಚ್ಚು ತಟ್ಟನೆ ಬೀಳಬೇಕು. ಇಲ್ಲದಿದ್ದರೆ ಈ ವರ್ಷ ನಕ್ಷತ್ರಕ್ಕೆ ಇಟ್ಟ ಹಣದಲ್ಲಿ ಅದನ್ನು ಹಾಕಿಸಿದರೆ ಬಾಲಯೇಸು ಖಂಡಿತ ಬೇಸರಪಡುವುದಿಲ್ಲ.

ನಕ್ಷತ್ರವನ್ನು ತೂಗುಹಾಕುವ ತರುಣರಿಗೆ ಒಂದು ಮಾತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ, ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟು ನಿಲ್ಲಿಸುತ್ತಿದ್ದಾಗ ಅದು ಮೇಲಿನ ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು. ಅವರ ಮನಸ್ಸಿನಲ್ಲಿದ್ದುದೂ ಸಂಭ್ರಮವೇ. ನಮ್ಮ ಬೀದಿಗಳಲ್ಲಿ ಮಹಡಿಯ ಕಟಕಟೆಗೂ ಹೈಟೆನ್ಷನ್ ತಂತಿಗೂ ಕೈಯಳತೆಯ ಅಂತರವಿರುವ ಮನೆಗಳಿವೆ. ಅಂಥಲ್ಲಿ ಕಬ್ಬಿಣದ ಕೊಳವೆಗೆ ನಕ್ಷತ್ರ ಕಟ್ಟಿ ಎತ್ತಬಾರದು. ಒಣಬಿದಿರು ಸಾಕೆಂದೂ ನಂಬಬಾರದು, ಡಿಸೆಂಬರಿನ ಇಬ್ಬನಿಗೆ ಅದು ಒದ್ದೆಯಾಗಿರುತ್ತದೆ. ಅಂಥ ಮನೆಯಲ್ಲಿ ನಕ್ಷತ್ರ ಬಾಗಿಲ ಮುಂದೆ ಬೆಳಗಲಿ. ಬೀದಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಸುಳಿಯದೆ, ಇತರರನ್ನೂ ತಡೆದು, 1912ಕ್ಕೆ ತಿಳಿಸಬೇಕು. 2023ರ ನವೆಂಬರ್ 19ರ ನಸುಕಿನಲ್ಲಿ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರಂ ವೃತ್ತದಲ್ಲಿ ಹಾಗೆ ಬಿದ್ದಿದ್ದ ತಂತಿಯನ್ನು ಕತ್ತಲಲ್ಲಿ ತುಳಿದು ಒಬ್ಬ ತಾಯಿ, ಕಂಕುಳಲ್ಲಿದ್ದ ಒಂಬತ್ತು ತಿಂಗಳ ಮಗು, ಇಬ್ಬರೂ ತೀರಿಹೋದರು.

ಅಡುಗೆಮನೆಯ ಅನಿಲದ ಸಂಗತಿಯನ್ನು ನಮ್ಮ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಕಿಟಕಿ ಬಾಗಿಲು ತೆರೆಯಬೇಕು, 1906ಕ್ಕೆ ಕರೆ ಮಾಡಬೇಕು ಎಂಬಷ್ಟನ್ನು ಹೇಳಿ ಮುಂದೆ ಹೋಗುತ್ತೇವೆ.

ಕೊನೆಯದು ಕೈಯಲ್ಲಿರುವ ಮೊಬೈಲು. ಮಕ್ಕಳು ಕೊಲ್ಲಿಯಲ್ಲೋ ಕೆನಡಾದಲ್ಲೋ ಇದ್ದು, ಇಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಬ್ಬದ ಹೊತ್ತಿಗೆ ಅವರಿಗೆ ಬರುವ ಕರೆಗಳೂ ಹೆಚ್ಚು. "ನಿಮ್ಮ ಮಗ ಕಳಿಸಿದ ಪಾರ್ಸೆಲ್ಲು ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ" ಎಂದು ಒಬ್ಬ. "ಅದರಲ್ಲಿ ಮಾದಕ ವಸ್ತುವಿದೆ, ನೀವು ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಕ್ಯಾಮರಾದ ಮುಂದಿನಿಂದ ಏಳಕೂಡದು" ಎಂದು ಪೊಲೀಸ್ ಉಡುಪಿನ ಇನ್ನೊಬ್ಬ. ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಕರೆಯನ್ನು ಕತ್ತರಿಸಿ ಪಕ್ಕದ ಮನೆಯ ಕದ ತಟ್ಟಿದರೆ ಆ ನಾಟಕ ಮುಗಿಯಿತು. ಶುಭಾಶಯವೆಂದೋ ಮದುವೆಯ ಆಮಂತ್ರಣವೆಂದೋ ಬರುವ ಎಪಿಕೆ ಕಡತವನ್ನು ತೆರೆಯಬಾರದು. ಆಮಂತ್ರಣ ಪತ್ರಿಕೆಯನ್ನು ಯಾರೂ ಫೋನಿನಲ್ಲಿ ಸ್ಥಾಪಿಸಬೇಕಾಗಿಲ್ಲ. ಯುಪಿಐ ಪಿನ್ನು ಹಣ ಕೊಡುವುದಕ್ಕೆ ಬೇಕು, ಪಡೆಯುವುದಕ್ಕೆ ಬೇಡ. ಗುರುಗಳ ಭಾವಚಿತ್ರ ಹಾಕಿಕೊಂಡ ಹೊಸ ನಂಬರಿನಿಂದ "ತುರ್ತಾಗಿ ದಾನ ಬೇಕು" ಎಂಬ ಸಂದೇಶ ಬಂದರೆ ಗುರುಗಳ ಮನೆಗೇ ನಡೆದುಹೋಗಿ ಕೇಳಿ. ಅವರಿಗೂ ತಮ್ಮನ್ನು ಕಂಡ ಸಂತೋಷವಾದೀತು.

ಹಣ ಹೋಗಿಯೇ ಬಿಟ್ಟರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಆಸೆ ಹೆಚ್ಚು. ಆದರೆ ವೃದ್ಧರು ಎರಡು ದಿನ, ಮೂರು ದಿನ ಬಾಯಿ ಬಿಡುವುದಿಲ್ಲ. ಮಗ ಬೈದಾನು, ಸೊಸೆ ನಕ್ಕಾಳು ಎಂಬ ಅಳುಕು. ವಂಚಕನಿಗೆ ಬೇಕಾದುದೂ ಅದೇ ಎರಡು ದಿನ. ಆದ್ದರಿಂದ ಮಕ್ಕಳಾದವರಲ್ಲಿ ನಮ್ಮ ಬಿನ್ನಹ: ಈ ಹಬ್ಬಕ್ಕೆ ಊರಿಗೆ ಬಂದಾಗ, ಅಥವಾ ಫೋನಿನಲ್ಲಿ ಶುಭಾಶಯ ಹೇಳುವಾಗ, "ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ" ಎಂಬ ಮಾತನ್ನು ಅಪ್ಪ ಅಮ್ಮನಿಗೆ ಬಾಯಿಬಿಟ್ಟು ಹೇಳಿ.

ಮುಂದಿನ ಎರಡು ಭಾನುವಾರಗಳ ಮಧ್ಯಾಹ್ನ ಯುವಜನ ಸಂಘದವರೊಡನೆ ನಾವು ಮನೆಮನೆಗೆ ಬರಲಿದ್ದೇವೆ. ಈ ಸಲ ಬಚ್ಚಲುಮನೆ, ವಿದ್ಯುತ್ ಫಲಕ, ಮಹಡಿ ಈ ಮೂರನ್ನು ಮಾತ್ರ ನೋಡುತ್ತೇವೆ. ಗೋದಲಿಗೆ ಅಂಕ ಕೊಡುವವರು ಬೇರೆ ಬರುತ್ತಾರೆ. ಬೇಕೆನ್ನುವವರು ಬಾಗಿಲ ಬಳಿಯ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು, ಬೀದಿ ಬರೆಸಿ ಹೋಗಿ. ಬಾಡಿಗೆ ಮನೆಯಾದರೆ ಮನೆಯೊಡೆಯರಿಗೆ ಮುಂಚೆಯೇ ಒಂದು ಮಾತು ತಿಳಿಸಿರಿ. ಏಣಿ, ಟೆಸ್ಟರು, ಸೊಳ್ಳೆಯ ಜಾಲರಿ ನಾವೇ ತರುತ್ತೇವೆ.