ಮೊದಲು ಪ್ಲಾಟ್‌ಫಾರ್ಮ್, ಆಮೇಲೆ ಎಂಜಿನ್

ಮನೆಯಲ್ಲಿ ಮೊದಲ ಸಲ ಮಾದರಿ ರೈಲುಮಾರ್ಗ ಕಟ್ಟಲು ಹೊರಟವರು ಸಾಮಾನ್ಯವಾಗಿ ಎಂಜಿನ್ ಕೊಂಡು ತರುತ್ತಾರೆ. ನಾನಂತೂ ಮೊದಲು ಟೇಪು ಹಿಡಿಯಿರಿ ಎನ್ನುತ್ತೇನೆ. ಪ್ಯಾಸೆಂಜರ್ ಗಾಡಿಯ ಚೆಂದವೆಲ್ಲ ಅದರ ಉದ್ದದಲ್ಲಿದೆ.

ನಮ್ಮ ರೈಲ್ವೆಯ ಐಸಿಎಫ್ ಮಾದರಿಯ ನೀಲಿ ಬೋಗಿಯ ಉದ್ದ ಸುಮಾರು 21 ಮೀಟರ್. ಎಚ್‌ಒ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೂ, 24 ಸೆಂಟಿಮೀಟರ್ ದಾಟುತ್ತದೆ. ಐದು ಬೋಗಿ, ಒಂದು ಎಂಜಿನ್ ಸೇರಿದರೆ ಹತ್ತಿರಹತ್ತಿರ ಒಂದೂವರೆ ಮೀಟರ್. ಅಷ್ಟುದ್ದದ ಪ್ಲಾಟ್‌ಫಾರ್ಮ್ ಬೇಕು, ಅದೂ ನೇರ ಹಳಿಯ ಪಕ್ಕದಲ್ಲೇ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ ಸರಿಯುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ಒಂದೋ ಬೋಗಿ ಪ್ಲಾಟ್‌ಫಾರ್ಮಿನ ಅಂಚಿಗೆ ಉಜ್ಜುತ್ತದೆ, ಇಲ್ಲವೇ ಬಾಗಿಲ ಮುಂದೆ ದೊಡ್ಡ ಸಂದು ಬೀಳುತ್ತದೆ.

ಇಂಥ ಬೋಗಿಗೆ ತಿರುವಿನ ತ್ರಿಜ್ಯ 60 ಸೆಂಟಿಮೀಟರ್ ಇದ್ದರೆ ನೋಡಲು ಹಿತ. ಆದರೆ ಎಂಟಡಿ–ನಾಲ್ಕಡಿ ಪ್ಲೈವುಡ್‌ನಲ್ಲಿ ಆ ವೃತ್ತ ಅಂಚಿಗೇ ಬಂದುಬಿಡುತ್ತದೆ, ನೇರ ಹಳಿಗೆ ಉಳಿಯುವುದು ಸುಮಾರು 120 ಸೆಂಟಿಮೀಟರ್ ಮಾತ್ರ. ಆಗ ಮೂರು ಬೋಗಿಗೆ ತೃಪ್ತರಾಗಿ, ಇಲ್ಲವೇ 160ರಲ್ಲಿ ಒಂದು ಪಾಲಿನ ಎನ್ ಅಳತೆಗೆ ಹೋಗಿ. ಅದರಲ್ಲಿ ಐದು ಬೋಗಿಯ ಇಡೀ ಗಾಡಿ 80 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ಸಣ್ಣ ಮನೆಯವರಿಗೆ ನನ್ನ ಮತ ಎನ್ ಅಳತೆಗೇ.

ಹಳಿ ಕೊಳ್ಳುವ ಮುನ್ನ ನೆಲಕ್ಕೆ ಹಳೇ ಪೇಪರ್ ಹಾಸಿ, ಪೂರ್ತಿ ಅಳತೆಯಲ್ಲೇ ಗೆರೆ ಎಳೆದು ನೋಡಿ. ಎಂಜಿನ್ ಬಿಚ್ಚಿಕೊಂಡು ಗಾಡಿಯ ಇನ್ನೊಂದು ತುದಿಗೆ ಬರಲು ಪಕ್ಕದಲ್ಲೊಂದು ಲೂಪ್ ಲೈನಿಗೂ ಜಾಗ ಬಿಡಿ.